ಮದ್ದು ಬಿಟ್ಟ ದಿನವನ್ನು ಬರೆದಿಟ್ಟವರು ಯಾರು?



ಅಡಿಕೆ ತೋಟಕ್ಕೆ ಈ ಸಲ ಮದ್ದು ಬಿಟ್ಟದ್ದು ಯಾವಾಗ ಎಂದು ನಮ್ಮ ಊರಿನ ಯಾವ ಕೃಷಿಕನನ್ನು ಕೇಳಿದರೂ ತಡವರಿಸದೆ ಉತ್ತರ ಕೊಡುತ್ತಾನೆ. ಮಳೆ ಹಿಡಿಯುವ ಮೊದಲು ಒಂದು ಸಲ, ಅಲ್ಲಿಂದ ನಲ್ವತ್ತು ನಲ್ವತ್ತೈದು ದಿನ ಕಳೆದು ಇನ್ನೊಂದು ಸಲ ಬೋರ್ಡೋ ದ್ರಾವಣ ಬೀಳದಿದ್ದರೆ ಕೊಳೆರೋಗ ಬಂದು ಫಸಲು ಉದುರುತ್ತದೆ ಎಂಬ ಭಯ ಅವನಿಗಿದೆ. ಆದ್ದರಿಂದ ದಿನ ಎಣಿಸುತ್ತಾನೆ. ಹಟ್ಟಿಯ ದನದ ವಿಷಯವೂ ಹಾಗೆಯೇ. ಕೃತಕ ಗರ್ಭಧಾರಣೆ ಮಾಡಿಸಿದ ತಾರೀಕು ಮನೆಯಾಕೆಯ ನಾಲಗೆಯ ತುದಿಯಲ್ಲಿರುತ್ತದೆ. ಇಪ್ಪತ್ತೊಂದನೆಯ ದಿನದ ಹೊತ್ತಿಗೆ ದನ ಮತ್ತೆ ಬೆದೆಗೆ ಬಂತೇ ಇಲ್ಲವೇ ಎಂದು ಆಕೆ ಬೆಳಿಗ್ಗೆಯೂ ಸಂಜೆಯೂ ನೋಡುತ್ತಾಳೆ. ಈಗಂತೂ ದನದ ಕಿವಿಗೆ ಹನ್ನೆರಡು ಅಂಕೆಯ ಹಳದಿ ಬಿಲ್ಲೆ ಬಂದಿದೆ. ಅದರ ಲಸಿಕೆ, ಗರ್ಭಧಾರಣೆಗಳ ವಿವರ ಸರಕಾರದ ಕಂಪ್ಯೂಟರಿಗೆ ಏರುತ್ತದೆ.

ಅದೇ ಮನೆಯ ಹಿಂದಿನ ಕೋಣೆಯಲ್ಲಿ ಹತ್ತು ಹದಿನೈದು ವರ್ಷಗಳಿಂದ ಮನಸ್ಸಿನ ಕಾಯಿಲೆಯಿಂದ ಬಳಲುವ ತಮ್ಮನೋ ಮಗಳೋ ಇದ್ದಾರೆ ಎಂದಿಟ್ಟುಕೊಳ್ಳಿ. ಅವರಿಗೆ ಕೊನೆಯ ಇಂಜೆಕ್ಷನ್ ಕೊಡಿಸಿದ್ದು ಯಾವ ದಿನ? ಈಗ ತಿನ್ನುವ ಮಾತ್ರೆಯ ಹೆಸರೇನು? ಹಿಂದೆ ಯಾವ ಮಾತ್ರೆ ಮೈಗೆ ಒಗ್ಗಲಿಲ್ಲ? ಸಕ್ಕರೆ ಅಂಶ ನೋಡಿಸಿ ಎಷ್ಟು ಕಾಲವಾಯಿತು? ಹೆಚ್ಚಿನ ಮನೆಗಳಲ್ಲಿ ಸಿಗುವ ಉತ್ತರ ಒಂದೇ: “ಚೀಟಿ ಎಲ್ಲೋ ಇರಬೇಕು.” ತೋಟಕ್ಕೆ ಮದ್ದು ಬಿಟ್ಟ ದಿನ ನೆನಪಿದೆ, ತಮ್ಮ ಮದ್ದು ಬಿಟ್ಟ ದಿನ ನೆನಪಿಲ್ಲ.

ಇದನ್ನು ಯಾರನ್ನೂ ದೂರಲು ಹೇಳುತ್ತಿಲ್ಲ. ದೀರ್ಘಕಾಲದ ಮನೋರೋಗ ಒಂದು ಮನೆಯನ್ನು ಎಷ್ಟು ಹಣ್ಣುಮಾಡುತ್ತದೆ ಎಂಬುದನ್ನು ನಾವು ಬಲ್ಲೆವು. ಆದರೆ ಬರೆದಿಟ್ಟ ನಾಲ್ಕು ಸಾಲು ಇಂತಹ ಒಬ್ಬರ ಜೀವ ಉಳಿಸಬಲ್ಲುದು, ಬರೆಯದೆ ಬಿಟ್ಟದ್ದು ಜೀವ ಕಳೆಯಬಲ್ಲುದು ಎಂಬುದು ನಮ್ಮ ಅಭಿಪ್ರಾಯ. ಅಷ್ಟೇ ಅಲ್ಲ, ಆರೋಗ್ಯ ದಾಖಲೆ ಇರುವುದು ಕಪಾಟಿನಲ್ಲಿ ಕೂರಲಿಕ್ಕಲ್ಲ. ಬರಬೇಕಾದ ದಿನ ಬಾರದವರನ್ನು ಹುಡುಕಿಕೊಂಡು ಹೋಗಲಿಕ್ಕೆ. ಈ ತಿಂಗಳು ನಾವು ಹೇಳಹೊರಟದ್ದು ಇಷ್ಟನ್ನೇ.

ತಾರೀಕಿಗೆ ಇಷ್ಟು ಮಹತ್ವ ಏಕೆ?

ನಿಮ್ಹಾನ್ಸ್ ಸಂಸ್ಥೆ 2015–16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ಕೇರಳವೂ ಅವುಗಳಲ್ಲೊಂದು. ವಯಸ್ಕರಲ್ಲಿ ಶೇಕಡಾ 10.6 ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಆ ಹೊತ್ತಿಗೆ ಇತ್ತೆಂದು ಅದು ಕಂಡುಕೊಂಡಿತು. ಇವರಲ್ಲಿ ಹೆಚ್ಚಿನವರದ್ದು ಚಿಂತೆ, ಖಿನ್ನತೆ, ಮದ್ಯಪಾನಗಳಿಗೆ ಸಂಬಂಧಿಸಿದ ತೊಂದರೆ. ಸ್ಕಿಜೋಫ್ರೇನಿಯಾ, ಬೈಪೋಲಾರ್ ಎಂಬ ತೀವ್ರ ರೋಗಗಳಿರುವವರು ಇವರಿಗಿಂತ ಕಡಿಮೆ. ಆದರೂ ಒಂದು ಪಂಚಾಯತಿನ ಲೆಕ್ಕ ಹಾಕಿದರೆ ಅವರ ಸಂಖ್ಯೆ ಸಣ್ಣದಲ್ಲ. ಈ ರೋಗಗಳಿಗೆ ಮದ್ದು ಇದೆ, ಆ ಮದ್ದಿನಿಂದ ಗುಣ ಕಂಡವರೂ ಇದ್ದಾರೆ. ಆದರೆ ಅದನ್ನು ವರ್ಷಗಟ್ಟಲೆ ತಪ್ಪದೆ ತೆಗೆದುಕೊಳ್ಳಬೇಕು.

ಇಲ್ಲಿಯೇ ಒಂದು ಮೋಸವಿದೆ. ಜ್ವರದ ಮಾತ್ರೆ ನಿಲ್ಲಿಸಿದರೆ ಮಾರನೆಯ ದಿನವೇ ಜ್ವರ ಏರಬಹುದು. ಮನೋರೋಗದ ಮಾತ್ರೆ ನಿಲ್ಲಿಸಿದರೆ ಸಾಮಾನ್ಯವಾಗಿ ಹಾಗಾಗುವುದಿಲ್ಲ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಎಲ್ಲವೂ ಸರಿಯಾಗಿಯೇ ಇರುವಂತೆ ತೋರುತ್ತದೆ. ಮಾತ್ರೆ ಬಿಟ್ಟದ್ದರಿಂದ ಮೈ ಹಗುರವಾಗುತ್ತದೆ, ಹಗಲಿನ ಮಂಪರು ಹೋಗುತ್ತದೆ. “ನೋಡಿ, ಮದ್ದಿಲ್ಲದೆಯೂ ಹುಷಾರಿದ್ದಾನೆ” ಎಂದು ಮನೆಯವರು ಸಮಾಧಾನಪಡುತ್ತಾರೆ. ಆಮೇಲೆ ನಿದ್ದೆ ಕೆಡುತ್ತದೆ, ಊಟ ಬಿಡುತ್ತಾನೆ, ಒಬ್ಬನೇ ಮಾತಾಡತೊಡಗುತ್ತಾನೆ. ಆ ಹೊತ್ತಿಗೆ ಮದ್ದು ಬಿಟ್ಟ ದಿನ ಮರೆತುಹೋಗಿರುತ್ತದೆ. ತಪ್ಪು ದೃಷ್ಟಿಯ ಮೇಲೋ ನೆರೆಮನೆಯವರ ಮೇಲೋ ಬೀಳುತ್ತದೆ. ತಾರೀಕು ಬರೆದಿಟ್ಟಿದ್ದರೆ ಕಾರಣ ಎದುರಿಗೇ ಇರುತ್ತಿತ್ತು.

ಮಾತ್ರೆ ನುಂಗಲು ಒಪ್ಪದವರಿಗೆ ಎರಡು ವಾರಕ್ಕೋ ನಾಲ್ಕು ವಾರಕ್ಕೋ ಒಂದು ಸಲ ಕೊಡುವ ಇಂಜೆಕ್ಷನ್ ಇದೆ. ದಾಖಲೆಯ ದೃಷ್ಟಿಯಿಂದ ಇದರಲ್ಲಿ ದೊಡ್ಡ ಅನುಕೂಲವಿದೆ. ಮಾತ್ರೆ ನುಂಗಿದನೋ ಕಿಟಿಕಿಯಿಂದ ಹೊರಗೆ ಎಸೆದನೋ ಯಾರಿಗೂ ತಿಳಿಯದು. ಇಂಜೆಕ್ಷನ್‌ಗೆ ಬಾರದಿದ್ದರೆ ಆ ದಿನವೇ ತಿಳಿಯುತ್ತದೆ, ತಿಳಿಯಬೇಕೆಂದು ಮನಸ್ಸಿರುವವರಿಗೆ.

ಬಾರದವರ ಪಟ್ಟಿ

ಇದು ಹೊಸ ಯೋಚನೆಯೇನಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರು. ಅತ್ಯಗತ್ಯವಾದ ಕೆಲವೇ ಮದ್ದುಗಳನ್ನು ಹಳ್ಳಿಯ ಕೇಂದ್ರದಲ್ಲೇ ಸಿಗುವಂತೆ ಮಾಡಿದರು. ಜತೆಗೆ ಎಲ್ಲರೂ ಬರೆಯಬಲ್ಲಂತಹ ಸರಳ ದಾಖಲೆಯನ್ನು ಇಟ್ಟು ತಿಂಗಳು ತಿಂಗಳು ಅದನ್ನು ಪರಿಶೀಲಿಸಿದರು. ಈ ಬಳ್ಳಾರಿ ಮಾದರಿಯನ್ನು ನೋಡಿಯೇ ಕೇಂದ್ರ ಸರಕಾರ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ಇಂದು ನಮ್ಮ ಕಾಸರಗೋಡು ಸೇರಿ ಕೇರಳದ ಹದಿನಾಲ್ಕೂ ಜಿಲ್ಲೆಗಳಲ್ಲಿ ಅದು ನಡೆಯುತ್ತಿದೆ. ನಮ್ಮ ಜಿಲ್ಲೆಗೆ ಇದು ಇನ್ನಷ್ಟು ಮುಖ್ಯ. ಸರಕಾರಿ ಮಾನಸಿಕ ಆರೋಗ್ಯ ಕೇಂದ್ರಗಳು ಇರುವುದು ತಿರುವನಂತಪುರ, ತೃಶೂರು ಮತ್ತು ಕೋಝಿಕ್ಕೋಡಿನಲ್ಲಿ. ಹತ್ತಿರದ್ದೆಂದರೆ ಕೋಝಿಕ್ಕೋಡಿನ ಕುದಿರವಟ್ಟಂ. ಮಂಜೇಶ್ವರದ ಕಡೆಯವರಿಗೆ ಅದು ಇನ್ನೂರು ಕಿಲೋಮೀಟರಿನ ಆಸುಪಾಸು.

ಆದರೆ ಬಳ್ಳಾರಿಯ ಪಾಠದಲ್ಲಿ ಮದ್ದಿನಷ್ಟೇ ಮುಖ್ಯವಾದದ್ದು ಆ ಸರಳ ದಾಖಲೆ. ಕ್ಲಿನಿಕ್ಕಿನ ದಿನ ಎಷ್ಟು ಮಂದಿ ಬಂದರು ಎಂದು ಎಲ್ಲರೂ ಲೆಕ್ಕ ಬರೆಯುತ್ತಾರೆ, ಮೇಲಿನ ಕಚೇರಿಗೆ ಕಳಿಸುತ್ತಾರೆ. ನಮ್ಮ ಮಟ್ಟಿಗೆ ಅದಕ್ಕಿಂತ ಬೆಲೆಬಾಳುವ ಪಟ್ಟಿ ಇನ್ನೊಂದಿದೆ. ಯಾರು ಬರಬೇಕಿತ್ತು, ಯಾರು ಬರಲಿಲ್ಲ? ಬಂದವರು ಹೇಗೂ ಬಂದರು. ಅವರನ್ನು ಕರೆತರುವವರು ಇದ್ದಾರೆ. ಬಾರದವನಿಗೆ ಬಸ್ಸಿನ ಹಣ ಇಲ್ಲದಿರಬಹುದು, ಕರೆದುಕೊಂಡು ಬರುವ ತಾಯಿ ಹಾಸಿಗೆ ಹಿಡಿದಿರಬಹುದು, ರೋಗವೇ ಮರುಕಳಿಸಿರಬಹುದು. ಸಂಜೆ ಪುಸ್ತಕ ಮುಚ್ಚುವ ಮೊದಲು ಆ ಹೆಸರುಗಳನ್ನು ಬೇರೆಯಾಗಿ ಬರೆದು, ಒಂದು ವಾರದೊಳಗೆ ಯಾರಾದರೊಬ್ಬರು ಮನೆಗೆ ಹೋಗಿ ವಿಚಾರಿಸಿದರೆ ಆ ದಾಖಲೆ ಸಾರ್ಥಕ.

ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ದಿನಗಳ ಬಗ್ಗೆ ವಿಶೇಷವಾಗಿ ಹೇಳಬೇಕು. ಡೆನ್ಮಾರ್ಕ್ ದೇಶದಲ್ಲಿ ಮನೋರೋಗ ಚಿಕಿತ್ಸೆಯ ದಾಖಲೆಯನ್ನು 1938ರಿಂದ ಕಾರ್ಡುಗಳಲ್ಲಿ, 1969ರಿಂದ ಕಂಪ್ಯೂಟರಿನಲ್ಲಿ ಇಟ್ಟಿದ್ದಾರೆ. ಅಂತಹ ದಾಖಲೆಗಳನ್ನು ಕೂಡಿಸಿ ನೋಡಿದಾಗ ಒಂದು ಸಂಗತಿ ಸ್ಪಷ್ಟವಾಯಿತು. ಮನೋರೋಗದ ವಾರ್ಡಿನಿಂದ ಬಿಡುಗಡೆಯಾದ ಮೊದಲ ವಾರದಲ್ಲಿ ಆತ್ಮಹತ್ಯೆಯ ಅಪಾಯ ಬಹಳ ಹೆಚ್ಚು. “ಗುಣವಾಯಿತು, ಮನೆಗೆ ಬಂದ” ಎಂದು ನಾವು ನಿರಾಳವಾಗುವ ದಿನಗಳೇ ಅವು. ಇಂಗ್ಲೆಂಡಿನಲ್ಲಿ ಬಿಡುಗಡೆಯಾದವರನ್ನು ಏಳು ದಿನಗಳೊಳಗೆ ಹೋಗಿ ಕಾಣಬೇಕೆಂಬ ನಿಯಮವಿತ್ತು. ಅನಂತರ ಅದನ್ನು 72 ಗಂಟೆಗೆ ಇಳಿಸಿದರು. ದಾಖಲೆ ಹೇಳಿದ್ದನ್ನು ಕೇಳಿ ನಡೆದುಕೊಳ್ಳುವುದೆಂದರೆ ಹೀಗೆ.

ನಮ್ಮಲ್ಲಿ ಇದು ಸಾಧ್ಯವೇ ಎಂದು ಕೇಳುವವರಿಗೆ ನಮ್ಮ ಪಂಚಾಯತುಗಳೇ ಉತ್ತರ. ಕೇರಳವು 2008ರಲ್ಲಿ ಪಾಲಿಯೇಟಿವ್ ನೀತಿಯನ್ನು ತಂದಿತು. ಹಾಸಿಗೆ ಹಿಡಿದವರ ಪಟ್ಟಿ ಇಟ್ಟುಕೊಂಡು ಪಾಲಿಯೇಟಿವ್ ನರ್ಸ್ ಮನೆಮನೆಗೆ ಹೋಗುವುದನ್ನು ನೀವೆಲ್ಲರೂ ಕಂಡಿದ್ದೀರಿ. ಕ್ಯಾನ್ಸರಿನವರಿಗೆ, ಪಾರ್ಶ್ವವಾಯುವಿನವರಿಗೆ ಮಾಡಿದ್ದನ್ನು ತಾರೀಕು ತಪ್ಪಿದ ಮನೋರೋಗಿಗೂ ಎಲ್ಲೆಡೆ ಮಾಡಬೇಕು. ಇದನ್ನು ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಬೇಕಾದವರು ನಾವು, ನೀವು. ಆದರೆ ಎಲ್ಲ ಹೊರೆಯನ್ನೂ ಆಶಾ ಕಾರ್ಯಕರ್ತೆಯ ತಲೆಗೆ ಹೊರಿಸಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಗೌರವಧನ ಹೆಚ್ಚಿಸಬೇಕೆಂದು ಅವರು 2025ರಲ್ಲಿ ತಿರುವನಂತಪುರದ ಸೆಕ್ರೆಟೇರಿಯಟಿನ ಎದುರು ತಿಂಗಳುಗಟ್ಟಲೆ ಧರಣಿ ಕುಳಿತರು. ನಡೆದುಹೋಗುವ ಕಾಲುಗಳಿಗೆ ಕೂಲಿ ಕೊಡದೆ ಪಟ್ಟಿ ಮಾತ್ರ ಉದ್ದ ಮಾಡಿದರೆ ಉಳಿಯುವುದು ಕಾಗದ.

ಎಂಡೋಸಲ್ಫಾನ್ ಕಲಿಸಿದ ಪಾಠ

ಪಟ್ಟಿಯ ಬೆಲೆಯನ್ನೂ ಅದರ ಮಿತಿಯನ್ನೂ ನಮ್ಮ ಜಿಲ್ಲೆಯವರಿಗೆ ಬೇರೆಯವರು ಕಲಿಸಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಡಾ. ವೈ. ಎಸ್. ಮೋಹನ ಕುಮಾರ್ ಎಂಬ ವೈದ್ಯರು ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಮನೋರೋಗ, ಅಪಸ್ಮಾರ, ಹುಟ್ಟಿನಿಂದ ಬಂದ ವೈಕಲ್ಯ, ಕ್ಯಾನ್ಸರ್ ಮೊದಲಾದವು ಒಂದೇ ಕಡೆ ಹೆಚ್ಚುತ್ತಿರುವುದನ್ನು ಗಮನಿಸಿದರು. ಯಾವ ಮನೆ, ಯಾವ ಕಾಯಿಲೆ ಎಂದು ಜೋಡಿಸಿ ನೋಡಿ ಹೊರಜಗತ್ತಿಗೆ ತಿಳಿಸಿದರು. ಆ ತನಕ ಪ್ರತಿ ಮನೆಯೂ ಅದು ತನ್ನೊಬ್ಬರ ಹಣೆಬರಹವೆಂದೇ ತಿಳಿದಿತ್ತು. ಬಿಡಿಬಿಡಿಯಾಗಿ ಕಾಣದ್ದು ಕೂಡಿಸಿದಾಗ ಕಾಣುತ್ತದೆ. ಆರೋಗ್ಯದ ಲೆಕ್ಕ ಇಡುವುದರ ಲಾಭ ಇದು.

ಇನ್ನು ಮಿತಿಯ ಮಾತು. ವೈದ್ಯಕೀಯ ಶಿಬಿರಗಳನ್ನು ನಡೆಸಿ ಸಂತ್ರಸ್ತರ ಪಟ್ಟಿ ಮಾಡಲಾಯಿತು. ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ತಲಾ ಐದು ಲಕ್ಷ ರೂಪಾಯಿ ಪರಿಹಾರವನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಆದೇಶಿಸಿತು. ಐದು ವರ್ಷ ಕಳೆದು 2022ರ ಮೇಯಲ್ಲಿ ಅದೇ ನ್ಯಾಯಾಲಯದ ಮುಂದೆ ವಿಷಯ ಮತ್ತೆ ಬಂದಾಗ, ಪಟ್ಟಿಯಲ್ಲಿದ್ದ 3,704 ಮಂದಿಯಲ್ಲಿ ಅದು ಪೂರ್ತಿಯಾಗಿ ಸಿಕ್ಕಿದ್ದು ನ್ಯಾಯಾಲಯದ ಮೆಟ್ಟಿಲೇರಿದ ಎಂಟು ಮಂದಿಗೆ ಮಾತ್ರವೆಂದು ತಿಳಿದುಬಂತು. ಹೆಸರು ಬರೆದವರು ಕೆಲಸ ಮುಗಿಯಿತೆಂದು ತಿಳಿಯುತ್ತಾರೆ. ಹೆಸರು ಬರೆಸಿದವರಿಗೆ ಕೆಲಸ ಆರಂಭವಾಗುವುದೇ ಅಲ್ಲಿಂದ. ಮಾನಸಿಕ ಆರೋಗ್ಯದ ದಾಖಲೆಯಲ್ಲಿ ಈ ಕಥೆ ಮರುಕಳಿಸಬಾರದು.

ಮನಸ್ಸಿನ ರೋಗ, ಆದರೆ ಸಾಯುವುದು ದೇಹ

ತೀವ್ರ ಮನೋರೋಗವಿರುವವರು ಉಳಿದವರಿಗಿಂತ 10ರಿಂದ 20 ವರ್ಷ ಬೇಗ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆತ್ಮಹತ್ಯೆಯೇ ಕಾರಣವಿರಬೇಕೆಂದು ನೀವು ಎಣಿಸಬಹುದು. ಅದಕ್ಕಿಂತ ಹೆಚ್ಚು ಸಾವುಗಳಿಗೆ ಕಾರಣ ಹೃದಯರೋಗ, ಸಕ್ಕರೆ ಕಾಯಿಲೆ, ಶ್ವಾಸಕೋಶದ ರೋಗದಂತಹ ಸಾಮಾನ್ಯ ಕಾಯಿಲೆಗಳು. ಕೆಲವು ಮದ್ದುಗಳಿಂದ ತೂಕ ಏರುತ್ತದೆ, ಸಕ್ಕರೆ ಅಂಶ ಹೆಚ್ಚುತ್ತದೆ. ಬೀಡಿ ಬಿಡುವವರಿಲ್ಲ. “ಎದೆ ನೋಯುತ್ತದೆ” ಎಂದು ಆತ ಹೇಳಿದರೆ “ಅವನ ಮಾತು ಯಾವಾಗಲೂ ಹಾಗೆಯೇ” ಎಂದು ಮನೆಯವರೂ ಕೆಲವೊಮ್ಮೆ ವೈದ್ಯರೂ ತಳ್ಳಿಹಾಕುತ್ತಾರೆ.

ಇಂಗ್ಲೆಂಡಿನ ಊರ ವೈದ್ಯರು ತೀವ್ರ ಮನೋರೋಗವಿರುವ ತಮ್ಮ ರೋಗಿಗಳ ಒಂದು ಪಟ್ಟಿ ಇಟ್ಟುಕೊಂಡು, ವರ್ಷಕ್ಕೊಮ್ಮೆ ಕರೆದು ತೂಕ, ರಕ್ತದೊತ್ತಡ, ಸಕ್ಕರೆ, ಕೊಬ್ಬು, ಬೀಡಿ ಸಿಗರೇಟು, ಕುಡಿತ ಎಂಬ ಆರು ವಿಷಯಗಳನ್ನು ವಿಚಾರಿಸುವ ಪದ್ಧತಿ ಇದೆ. ಇದಕ್ಕೆ ದೊಡ್ಡ ಯಂತ್ರವೇನೂ ಬೇಡ. ನಮ್ಮ ಕುಟುಂಬ ಆರೋಗ್ಯ ಕೇಂದ್ರದಲ್ಲಿ ಇವನ್ನೆಲ್ಲ ವಿಚಾರಿಸುವ ಅನುಕೂಲವಿದೆ. ಇಲ್ಲದಿರುವುದು ಒಂದೇ: “ಇವರದ್ದು ನೋಡಿ ಒಂದು ವರ್ಷವಾಯಿತು” ಎಂದು ನೆನಪಿಸುವ ಬರಹ.

ಕೆಲವು ಮದ್ದುಗಳಿಗಂತೂ ಲೆಕ್ಕವಿಲ್ಲದೆ ನಡೆಯುವುದೇ ಇಲ್ಲ. ಲಿಥಿಯಂ ತೆಗೆದುಕೊಳ್ಳುವವರು ರಕ್ತದಲ್ಲಿ ಅದರ ಮಟ್ಟವನ್ನು ಆಗಾಗ ಪರೀಕ್ಷಿಸಿಕೊಳ್ಳಬೇಕು, ಜತೆಗೆ ಮೂತ್ರಪಿಂಡ ಮತ್ತು ಥೈರಾಯ್ಡ್ ಪರೀಕ್ಷೆಯೂ ಬೇಕು. ರೈತರಿಗೆ ಇಲ್ಲಿ ಒಂದು ಎಚ್ಚರಿಕೆ. ಬಿರುಬಿಸಿಲಿನಲ್ಲಿ ದುಡಿದು ಮೈಯ ನೀರು ಬತ್ತಿದರೆ, ವಾಂತಿ ಭೇದಿಯಾದರೆ ಲಿಥಿಯಂ ರಕ್ತದಲ್ಲಿ ಏರಿ ವಿಷವಾಗಬಹುದು. ಮೈಕೈ ನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಮಾತ್ರೆಗಳೂ ಅದನ್ನು ಏರಿಸುತ್ತವೆ. ಕೈ ನಡುಗುವುದು, ನಾಲಗೆ ತೊದಲುವುದು, ನಡೆಯುವಾಗ ತೂರಾಡುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಕ್ಲೋಜಪಿನ್ ತೆಗೆದುಕೊಳ್ಳುವವರಿಗೆ ಮೊದಲ ತಿಂಗಳುಗಳಲ್ಲಿ ವಾರಕ್ಕೊಮ್ಮೆ, ಅನಂತರ ತಿಂಗಳಿಗೊಮ್ಮೆ ಬಿಳಿ ರಕ್ತಕಣಗಳ ಎಣಿಕೆ ಬೇಕು. ಜ್ವರ, ಗಂಟಲು ನೋವು ಬಂದರೆ ಅದನ್ನು ಸಣ್ಣದೆಂದು ಬಿಡಬಾರದು. ಇಂತಹ ಮದ್ದಿನ ಹೆಸರು ಬರೆದ ಚೀಟಿ ಕೈಯಲ್ಲಿಲ್ಲದೆ ಹೊಸ ವೈದ್ಯರ ಎದುರು ಕುಳಿತರೆ ಅವರಾದರೂ ಏನು ಮಾಡಿಯಾರು?

ಗಡಿಯ ಎರಡೂ ಬದಿಯಲ್ಲಿ ಹಂಚಿಹೋದ ಚೀಟಿಗಳು

ನಮ್ಮದು ಗಡಿಯ ಬಾಳು. ಮಾತು ಕನ್ನಡ, ತುಳು, ಕೊಂಕಣಿ. ರೇಷನ್ ಕಾರ್ಡು ಕೇರಳದ್ದು. ದೊಡ್ಡ ಕಾಯಿಲೆ ಬಂದರೆ ಓಡುವುದು ಮಂಗಳೂರು, ದೇರಳಕಟ್ಟೆಗೆ. ಒಬ್ಬನೇ ರೋಗಿಯ ಒಂದು ಚೀಟಿ ಮಂಗಳೂರಿನ ಆಸ್ಪತ್ರೆಯಲ್ಲಿ, ಇನ್ನೊಂದು ಕಾಸರಗೋಡಿನಲ್ಲಿ, ಮತ್ತೊಂದು ಊರ ಆರೋಗ್ಯ ಕೇಂದ್ರದಲ್ಲಿ. ಮದ್ದಿನ ಹೆಸರು ಇಂಗ್ಲಿಷಿನಲ್ಲಿ, ಸೂಚನೆ ಮಲಯಾಳದಲ್ಲಿ, ಓದಬೇಕಾದ ಅಜ್ಜಿಗೆ ಬರುವುದು ಕನ್ನಡ ಮಾತ್ರ.

2020ರ ಮಾರ್ಚಿನಲ್ಲಿ ಕೊರೋನಾ ಲಾಕ್‌ಡೌನ್ ಬಂದು ತಲಪಾಡಿಯಲ್ಲಿ ಗಡಿ ಮುಚ್ಚಿದ್ದನ್ನು ಯಾರೂ ಮರೆತಿರಲಾರರು. ಮಂಗಳೂರಿಗೆ ಹೊರಟ ಆಂಬುಲೆನ್ಸುಗಳು ತಿರುಗಿ ಬಂದವು, ಚಿಕಿತ್ಸೆ ಸಿಗದೆ ಜನ ಪ್ರಾಣ ಬಿಟ್ಟರು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅಂತಹ ದಿನಗಳಲ್ಲಿ ಮಂಗಳೂರಿನಲ್ಲೇ ಉಳಿದ ಕಡತದಿಂದ ಪ್ರಯೋಜನವಿಲ್ಲ. ಮದ್ದಿನ ಹೆಸರು, ಪ್ರಮಾಣ ಬರೆದ ಕಾಗದ ಕೈಯಲ್ಲಿದ್ದರೆ ಊರ ಸರಕಾರಿ ವೈದ್ಯರಿಗೆ ತೋರಿಸಿ ಅದೇ ಮದ್ದನ್ನು ಕೇಳಬಹುದು. ಗಡಿಯವರಿಗೆ ದಾಖಲೆ ಕೈಯಲ್ಲೇ ಇರಬೇಕು ಎಂದು ನಾವು ಒತ್ತಿ ಹೇಳುವುದು ಇದಕ್ಕಾಗಿ.

ಇದಕ್ಕೆಲ್ಲ ಕಂಪ್ಯೂಟರು ಬಂದಿದೆಯಲ್ಲ ಎನ್ನುವವರಿದ್ದಾರೆ. ಕೇರಳದ ಆಸ್ಪತ್ರೆಗಳಲ್ಲಿ ಇ-ಹೆಲ್ತ್ ಇದೆ. 2021ರಲ್ಲಿ ಕೇಂದ್ರ ಸರಕಾರ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಆರಂಭಿಸಿ, ಹದಿನಾಲ್ಕು ಅಂಕೆಯ ‘ಆಭಾ’ ಸಂಖ್ಯೆಯಲ್ಲಿ ಒಬ್ಬರ ದಾಖಲೆಗಳನ್ನೆಲ್ಲ ಜೋಡಿಸುವ ವ್ಯವಸ್ಥೆ ಮಾಡಿದೆ. ಅದು ಕಡ್ಡಾಯವಲ್ಲ, ರೋಗಿಯ ಒಪ್ಪಿಗೆಯಿಂದಲೇ ದಾಖಲೆ ಹಂಚಬೇಕೆಂಬುದು ಅದರ ನಿಯಮ. ರಾಜ್ಯದ ಗಡಿ ದಾಟಿ ಚಿಕಿತ್ಸೆ ಪಡೆಯುವ ನಮ್ಮಂಥವರಿಗೆ ಇದರಿಂದ ಉಪಕಾರವಾಗಬಹುದು. ಬೇಕಾದವರು ಮಾಡಿಸಿಕೊಳ್ಳಲಿ. ಆದರೆ ಕರೆಂಟು ಹೋದಾಗಲೂ ನೆಟ್‌ವರ್ಕ್ ಇಲ್ಲದಾಗಲೂ ಓದಲು ಸಿಗುವುದು ಕಾಗದ. ಎರಡೂ ಇರಲಿ.

ಈ ದಾಖಲೆ ಯಾರದ್ದು?

ಇಲ್ಲಿಗೆ ಬಂದಾಗ ಮನೆಯವರ ನಿಜವಾದ ಭಯ ಹೊರಬೀಳುತ್ತದೆ. “ಬರೆದಿಟ್ಟರೆ ನಾಲ್ಕು ಜನಕ್ಕೆ ಗೊತ್ತಾಗುತ್ತದೆ. ತಂಗಿಗೆ ಮದುವೆ ಸಂಬಂಧ ಬರಲಿಕ್ಕಿಲ್ಲ. ಗಲ್ಫಿನ ಕೆಲಸ ತಪ್ಪಿಹೋದೀತು.” ಈ ಭಯ ಸುಳ್ಳಲ್ಲ. ‘ಮಂಡೆ ಸರಿಯಿಲ್ಲದವರ ಮನೆ’ ಎಂಬ ಒಂದು ಮಾತು ಮೂರು ತಲೆಮಾರು ಹಿಂಬಾಲಿಸುವುದನ್ನು ನಾವು ಕಂಡಿದ್ದೇವೆ.

ಆದ್ದರಿಂದಲೇ ನಾವು ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇವೆ. ದಾಖಲೆ ರೋಗಿಯದ್ದು. ಅದು ಊರಿನದ್ದಲ್ಲ, ನೆಂಟರದ್ದಲ್ಲ. 2018ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಇದನ್ನೇ ಹೇಳುತ್ತದೆ. ಅದರ 23ನೆಯ ವಿಧಿಯಂತೆ ಮನೋರೋಗವಿರುವವರ ವಿಷಯವನ್ನು ಚಿಕಿತ್ಸೆ ಕೊಡುವವರು ಗುಟ್ಟಾಗಿಡಬೇಕು. 25ನೆಯ ವಿಧಿಯಂತೆ ತನ್ನ ಮೂಲ ವೈದ್ಯಕೀಯ ದಾಖಲೆಯನ್ನು ಕೇಳಿ ಪಡೆಯುವ ಹಕ್ಕು ರೋಗಿಗಿದೆ. ಅರ್ಜಿ ಕೊಟ್ಟ ಹದಿನೈದು ದಿನಗಳೊಳಗೆ ಅದನ್ನು ಕೊಡಬೇಕೆಂದು ನಿಯಮವಿದೆ. ತಾನು ಮಾತಾಡಲಾಗದ ಸ್ಥಿತಿಗೆ ಬಂದರೆ ಹೇಗೆ ಚಿಕಿತ್ಸೆ ಕೊಡಬೇಕು, ಹೇಗೆ ಕೊಡಬಾರದು ಎಂದು ಹುಷಾರಿರುವಾಗಲೇ ಬರೆದಿಡುವ ಹಕ್ಕೂ, ತನ್ನ ಪರವಾಗಿ ಮಾತಾಡುವವರನ್ನು ಹೆಸರಿಸುವ ಹಕ್ಕೂ ಅದೇ ಕಾಯಿದೆಯಲ್ಲಿದೆ. ದನ ತನ್ನ ಬಿಲ್ಲೆಯನ್ನು ಎಲ್ಲರಿಗೂ ಕಾಣುವಂತೆ ಕಿವಿಯಲ್ಲಿ ತೊಟ್ಟು ತಿರುಗುತ್ತದೆ. ಮನುಷ್ಯನಿಗೆ ಅದು ಸಲ್ಲದು.

ನಮ್ಮಲ್ಲಿ ಕೆಲವರು ಒಳ್ಳೆಯ ಮನಸ್ಸಿನಿಂದಲೇ ಒಂದು ಸಲಹೆ ಕೊಡುತ್ತಾರೆ. ವಾಳೆಯ ಗುರ್ಕಾರರ ಮೂಲಕ ಇಂತಹ ರೋಗಿಗಳ ಪಟ್ಟಿ ಮಾಡಿ ಚರ್ಚಿನಲ್ಲಿ ಇಟ್ಟರೆ ಸಹಾಯ ಮಾಡಲು ಸುಲಭವಲ್ಲವೇ ಎಂದು. ಬೇಡ ಎಂಬುದು ನಮ್ಮ ಖಂಡಿತ ಅಭಿಪ್ರಾಯ. ಪಾಪನಿವೇದನೆಯಲ್ಲಿ ಕೇಳಿದ್ದು ಹೊರಗೆ ಹೋಗದು ಎಂಬ ನಂಬಿಕೆಯಿಂದಲೇ ಜನ ಬಾಯಿಬಿಡುತ್ತಾರೆ. ರೋಗದ ವಿಷಯದಲ್ಲೂ ಆ ನಂಬಿಕೆಯೇ ಬಂಡವಾಳ. ಚಿಕಿತ್ಸೆ ಕೊಡದವನ ಕೈಯಲ್ಲಿ ರೋಗಿಗಳ ಪಟ್ಟಿ ಇರಬಾರದು. ಅವನು ಧರ್ಮಗುರುವಾದರೂ ಸರಿ, ಪಂಚಾಯತು ಸದಸ್ಯನಾದರೂ ಸರಿ. ಸಹಾಯ ಮಾಡುವ ಮನಸ್ಸಿದ್ದರೆ ಅವರ ತೋಟದ ಕೆಲಸಕ್ಕೆ ಕೈ ಕೊಡಿ, ಕ್ಲಿನಿಕ್ಕಿನ ದಿನ ರಿಕ್ಷಾ ಮಾಡಿಸಿಕೊಡಿ. ಅದಕ್ಕೆ ರೋಗದ ಹೆಸರು ತಿಳಿಯಬೇಕಾಗಿಲ್ಲ.

ಹೆಸರಿಲ್ಲದ ಲೆಕ್ಕ ಬೇರೆ ಮಾತು. ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯ ಬಳಗದಲ್ಲಿ 2008ರಿಂದ ರೋಗಿಗಳ ಹೆಸರು ಗುರುತುಗಳನ್ನು ಮರೆಮಾಚಿ ದಾಖಲೆಗಳನ್ನು ಸಂಶೋಧನೆಗೆ ಒದಗಿಸುವ ವ್ಯವಸ್ಥೆ ಇದೆ. ಯಾರೆಂದು ತಿಳಿಯದೆಯೇ, ಎಷ್ಟು ಮಂದಿಗೆ ಏನು ತೊಂದರೆ ಎಂದು ತಿಳಿಯಬಹುದು. ಒಂದು ಪಂಚಾಯತಿನಲ್ಲಿ ಈ ತಿಂಗಳು ಇಂಜೆಕ್ಷನ್ ತಪ್ಪಿಸಿದವರು ಎಷ್ಟು, ಮದ್ದು ಸ್ಟಾಕಿಲ್ಲದೆ ತಿರುಗಿ ಹೋದವರು ಎಷ್ಟು ಎಂಬ ಸಂಖ್ಯೆಯನ್ನು ಗ್ರಾಮಸಭೆಯಲ್ಲಿ ಓದಿಸಲು ಯಾರ ಮಾನವೂ ಹೋಗದು. ಹೆಸರು ವೈದ್ಯರ ಬಳಿ ಇರಲಿ, ಸಂಖ್ಯೆ ಊರಿಗೆ ತಿಳಿಯಲಿ.

ಮನೆಯಲ್ಲಿ ಮಾಡಬೇಕಾದದ್ದು

ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲಿ ಇದನ್ನು ಬರೆಯಬೇಡಿ. ಬಂದ ನೆಂಟರೆಲ್ಲ ಓದುತ್ತಾರೆ. ಒಂದು ಇನ್ನೂರು ಪುಟದ ಪುಸ್ತಕ ತೆಗೆದುಕೊಳ್ಳಿ, ಚೀಟಿಗಳನ್ನು ಹಾಕಲು ಒಂದು ಪ್ಲಾಸ್ಟಿಕ್ ಫೈಲು ಇರಲಿ. ರೋಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರ ಒಪ್ಪಿಗೆ ಪಡೆದು ಬರೆಯಿರಿ. ಅವರೇ ಬರೆಯುವಂತಿದ್ದರೆ ಇನ್ನೂ ಒಳ್ಳೆಯದು.

1. ಈಗಿನ ಮದ್ದಿನ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತು. ಇಂಗ್ಲಿಷಿನಲ್ಲಿದ್ದುದನ್ನು ಅಕ್ಷರ ತಪ್ಪದಂತೆ ನಕಲು ಮಾಡಿ, ಪಕ್ಕದಲ್ಲಿ ಕನ್ನಡದಲ್ಲೂ ಬರೆಯಿರಿ. ಶಾಲೆಗೆ ಹೋಗುವ ಮಕ್ಕಳ ಕೈಯಲ್ಲಿ ಬರೆಸಬೇಡಿ.

2. ಹಿಂದೆ ಒಗ್ಗದ ಮದ್ದು ಯಾವುದು, ಅದರಿಂದ ಏನಾಯಿತು.

3. ಇಂಜೆಕ್ಷನ್ ಕೊಡಿಸಿದ ದಿನ, ಮುಂದಿನದ್ದು ಯಾವ ದಿನ. ಮಾತ್ರೆ ಮುಗಿಯುವ ದಿನವಲ್ಲ, ಮುಗಿಯುವುದಕ್ಕೆ ಒಂದು ವಾರ ಮೊದಲಿನ ದಿನವನ್ನು ಗುರುತು ಮಾಡಿ.

4. ತೂಕ, ರಕ್ತದೊತ್ತಡ, ಸಕ್ಕರೆ, ಮಾಡಿಸಿದ ರಕ್ತಪರೀಕ್ಷೆ, ತಾರೀಕು ಸಹಿತ.

5. ರೋಗ ಮರುಕಳಿಸುವ ಮೊದಲು ಕಾಣುವ ಗುರುತುಗಳು. ಒಬ್ಬೊಬ್ಬರದ್ದು ಒಂದೊಂದು ಬಗೆ. ಒಬ್ಬರಿಗೆ ನಿದ್ದೆ ಹೋಗುತ್ತದೆ, ಇನ್ನೊಬ್ಬರು ಮಾತು ಬಿಡುತ್ತಾರೆ, 다ಮತ್ತೊಬ್ಬರು ದುಡ್ಡು ಚೆಲ್ಲತೊಡಗುತ್ತಾರೆ. ಮೂರು ರಾತ್ರಿ ಸರಿಯಾಗಿ ನಿದ್ದೆಯಿಲ್ಲವೆಂದು ಬರೆದದ್ದು ಕಣ್ಣಿಗೆ ಬಿದ್ದರೆ ನಾಲ್ಕನೆಯ ದಿನವೇ ವೈದ್ಯರನ್ನು ಕಾಣಿರಿ.

6. ತುರ್ತಿಗೆ ಯಾರನ್ನು ಕರೆಯಬೇಕು. ಟೆಲಿ-ಮಾನಸ್ ಎಂಬ ಸರಕಾರಿ ಸಹಾಯವಾಣಿಯ ಸಂಖ್ಯೆ 14416. ಅದು 2022ರ ಅಕ್ಟೋಬರಿನಲ್ಲಿ ಆರಂಭವಾಯಿತು. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ತೋಟದ ಕೀಟನಾಶಕ, ಕಳೆನಾಶಕಗಳು ಎಲ್ಲಿವೆ, ಬೀಗದ ಕೈ ಯಾರ ಬಳಿ ಇದೆ ಎಂದು ಮನೆಯ ಹಿರಿಯರು ತಿಳಿದಿರಲಿ. ಆಸ್ಪತ್ರೆಯಿಂದ ಬಂದ ಮೊದಲ ವಾರಗಳಲ್ಲಿ ಅವು ಮನೆಯಿಂದ ದೂರವೇ ಇರಲಿ.

ಇನ್ನೂ ಒಂದು ಮಾತು. ದಾಖಲೆಯಲ್ಲಿ ರೋಗ ಮಾತ್ರ ತುಂಬಿದರೆ ಮನುಷ್ಯ ಕಾಣೆಯಾಗುತ್ತಾನೆ. ಆತನಿಗೆ ಕಸಿ ಕಟ್ಟಲು ಬರುತ್ತದೆ, ಆಕೆಗೆ ಮಲ್ಲಿಗೆ ಕಟ್ಟುವುದೆಂದರೆ ಇಷ್ಟ, ಕಳೆದ ವರ್ಷ ಆರು ತಿಂಗಳು ಸೊಸೈಟಿಗೆ ತಾನೇ ಹಾಲು ಒಯ್ದಿದ್ದಾನೆ ಎಂಬುದನ್ನೂ ಬರೆಯಿರಿ. ಹೊಸ ವೈದ್ಯರು ಅದನ್ನೂ ಓದಬೇಕು. ಯಾವ ಮದ್ದಿನಲ್ಲಿ ಆತ ಕೆಲಸಕ್ಕೆ ಹೋಗುವಷ್ಟು ಚೆನ್ನಾಗಿದ್ದ ಎಂಬುದು ಚಿಕಿತ್ಸೆಗೂ ಬೇಕಾದ ಮಾಹಿತಿ.

ಬಂಧುಗಳೇ, ಸರಕಾರ ಮಾಡಬೇಕಾದದ್ದು ಬಹಳವಿದೆ. ಮದ್ದು ತಪ್ಪದೆ ಸಿಗಬೇಕು, ಗಡಿಯ ಕ್ಲಿನಿಕ್ಕುಗಳಲ್ಲಿ ಕನ್ನಡ ಬಲ್ಲವರಿರಬೇಕು, ಬಾರದವರ ಪಟ್ಟಿ ಹಿಡಿದು ಮನೆಗೆ ಹೋಗುವವರಿಗೆ ತಕ್ಕ ಸಂಬಳ ಸಿಗಬೇಕು. ಇವನ್ನು ನಾವು ಒಟ್ಟಾಗಿ ಕೇಳೋಣ. ಆದರೆ ಈ ಭಾನುವಾರ ಮನೆಗೆ ಹೋಗಿ ಕಪಾಟು, ಪೆಟ್ಟಿಗೆಗಳಲ್ಲಿ ಚದುರಿರುವ ಚೀಟಿಗಳನ್ನು ಹುಡುಕಿ ತಾರೀಕಿನ ಪ್ರಕಾರ ಜೋಡಿಸಲು ಯಾರ ಅಪ್ಪಣೆಯೂ ಬೇಡ. ಜೋಡಿಸುವಾಗ ಮುಂದಿನ ತಾರೀಕು ದಾಟಿಹೋಗಿದೆ ಎಂದು ಕಂಡರೆ ಸೋಮವಾರ ಬೆಳಿಗ್ಗೆ ತೋಟದ ಕೆಲಸ ಸ್ವಲ್ಪ ತಡವಾದರೂ ಚಿಂತೆಯಿಲ್ಲ, ಅವರನ್ನು ಕರೆದುಕೊಂಡು ಆರೋಗ್ಯ ಕೇಂದ್ರಕ್ಕೆ ಹೋಗಿ.